ಮಾನ್ಯಖೇಟದ ಅಮೋಘವರ್ಷ ನೃಪತುಂಗ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನತ್ತ ಹೊರಟ ರೈಲುಗಾಡಿಯು ಚಿತ್ತಾಪುರವನ್ನು ಹಿಂದಿಕ್ಕಿ ಸೇಡಂ ಸೇರುವುದಕ್ಕೆ ಮುಂಚೆ ಮಳಖೇಡ ರೋಡ್ ಎಂಬ ಚಿಕ್ಕ ನಿಲ್ದಾಣವೊಂದನ್ನು ಹಾದುಹೋಗುತ್ತದೆ. ಸುತ್ತಲೂ ತೊಗರಿಯ ಹೊಲಗಳು, ಸುಣ್ಣಕಲ್ಲಿನ ಗಣಿಗಳು, ಸಿಮೆಂಟು ಕಾರ್ಖಾನೆಯ ಎತ್ತರದ ಚಿಮಣಿಗಳು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಆದರೆ ಅದೇ ಕಲ್ಲಿನ ನೆಲದ ಮೇಲೆ ಒಂದು ಕಾಲಕ್ಕೆ ದಕ್ಷಿಣಾಪಥದ ಸಿಂಹಾಸನವೇ ನಿಂತಿದ್ದಿತೆಂಬುದನ್ನು ಆ ಗಾಡಿಯಲ್ಲಿ ಕುಳಿತವರಲ್ಲಿ ನೆನೆಯುವವರು ವಿರಳ. ಚಿಂಚೋಳಿಯ ಕಾಡುಗುಡ್ಡಗಳ ಕಡೆಯಿಂದ ಬರುವ ಮುಲ್ಲಾಮಾರಿಯನ್ನು ತನ್ನೊಳಗೆ ಸೇರಿಸಿಕೊಂಡು ಭೀಮೆಯತ್ತ ಸಾಗುವ ಕಾಗಿಣಾ ನದಿಯ ದಂಡೆಯಲ್ಲಿ ಹಾಳುಬಿದ್ದ ಕೋಟೆಯೊಡನೆ ನಿಂತಿರುವ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅದನ್ನು ರಾಜಧಾನಿಯಾಗಿ ಕಟ್ಟಿ ಬೆಳೆಸಿದ ಕೀರ್ತಿ ಅಮೋಘವರ್ಷ ನೃಪತುಂಗನಿಗೆ ಸಲ್ಲತಕ್ಕದ್ದು. ದೇವೇಂದ್ರನ ಪುರಿಯನ್ನೂ ನಾಚಿಸುವ ನಗರವೆಂದು ಆ ವಂಶದ ನಂತರದ ತಾಮ್ರಶಾಸನಗಳು ಇದನ್ನು ಬಣ್ಣಿಸುತ್ತವೆ.

ಅಮೋಘವರ್ಷನ ಜನ್ಮವಾದದ್ದು ಕನ್ನಡ ನೆಲದಲ್ಲಿ ಅಲ್ಲ. ತಂದೆ ಮುಮ್ಮಡಿ ಗೋವಿಂದನು ಉತ್ತರದ ದಿಗ್ವಿಜಯವನ್ನು ಮುಗಿಸಿ ಹಿಂದಿರುಗುವಾಗ ಇಂದಿನ ಗುಜರಾತಿಗೆ ಸೇರಿದ ಶ್ರೀಭವನವೆಂಬಲ್ಲಿ ಮಳೆಗಾಲವನ್ನು ಕಳೆದನು. ಆ ಬೀಡಿನಲ್ಲಿಯೇ, ಕ್ರಿ.ಶ. ೮೦೦ರ ಸುಮಾರಿನಲ್ಲಿ, ಶರ್ವನೆಂಬ ಹೆಸರಿನ ಈ ಶಿಶು ಜನಿಸಿತು. ಅಮೋಘವರ್ಷ, ನೃಪತುಂಗ, ಅತಿಶಯಧವಳ, ವೀರನಾರಾಯಣ ಎಂಬುವೆಲ್ಲ ಮುಂದೆ ಬಂದ ಬಿರುದುಗಳು. ದಂಡಯಾತ್ರೆಯ ಶಿಬಿರದಲ್ಲಿ ಕಣ್ತೆರೆದ ಕೂಸು ಮುಂದೆ ದಂಡಯಾತ್ರೆಗಳಲ್ಲಿ ಅಷ್ಟಾಗಿ ಆಸಕ್ತಿಯಿಲ್ಲದ ಅರಸನಾಗಿ ಬೆಳೆದದ್ದು ವಿಧಿಯ ವಿನೋದವೆನ್ನಬೇಕು.

ಕ್ರಿ.ಶ. ೮೧೪ರಲ್ಲಿ ಗೋವಿಂದನು ತೀರಿಕೊಂಡಾಗ ಮಗನಿಗೆ ಹದಿನಾಲ್ಕರ ಆಸುಪಾಸಿನ ವಯಸ್ಸು. ಗುಜರಾತಿನ ಶಾಖೆಯ ಕರ್ಕನು ಬಾಲರಾಜನಿಗೆ ಬೆಂಬಲವಾಗಿ ನಿಂತನು. ಆದರೆ ಹುಡುಗನ ಕೈಯಲ್ಲಿ ಸಾಮ್ರಾಜ್ಯವಿರುವುದನ್ನು ಕಂಡು ಸಾಮಂತರು, ಅಧಿಕಾರಿಗಳು, ದಾಯಾದಿಗಳು ಸುಮ್ಮನಿರಲಿಲ್ಲ. ನಾಲ್ಕಾರು ವರ್ಷಗಳೊಳಗೆ ದಂಗೆ ಹಬ್ಬಿ ಸಿಂಹಾಸನವೇ ಕೈಬಿಟ್ಟುಹೋಗುವ ಸ್ಥಿತಿ ಬಂದಿತು. ಕರ್ಕನ ಶೌರ್ಯದಿಂದ ಕ್ರಿ.ಶ. ೮೨೧ರ ಹೊತ್ತಿಗೆ ರಾಜ್ಯವು ಮರಳಿ ದೊರೆಯಿತು. ಅಲ್ಲಿಂದ ಮುಂದೆ ೮೭೭-೭೮ರವರೆಗೆ, ಒಟ್ಟು ಅರುವತ್ತಕ್ಕೂ ಮೀರಿದ ವರ್ಷಗಳ ಕಾಲ, ಅಮೋಘವರ್ಷನು ಆಳಿದನು. ಭಾರತದ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ರಾಜ್ಯಭಾರ ನಡೆಸಿದ ದೊರೆಗಳು ಬೆರಳೆಣಿಕೆಯಷ್ಟು ಮಾತ್ರ.

ಆಳಿಕೆಯ ಉದ್ದಕ್ಕೂ ಯುದ್ಧಗಳೇನೋ ತಪ್ಪಲಿಲ್ಲ. ವೆಂಗಿಯ ಚಾಲುಕ್ಯರೊಡನೆ ವಿಂಗವಳ್ಳಿಯಲ್ಲಿ ಘೋರವಾದ ಕಾಳಗವಾಯಿತು. ಗಂಗರೊಡನೆ ವೈರ ಬಹುಕಾಲ ನಡೆಯಿತು. ಸೇನಾನಿ ಬಂಕೇಶನು ಆ ರಂಗದಲ್ಲಿ ಹೋರಾಡುತ್ತಿದ್ದಾಗಲೇ ರಾಜಧಾನಿಯ ಬಳಿ ಬಂಡಾಯವೆದ್ದಿತೆಂದೂ, ಯುವರಾಜನೇ ಅದರಲ್ಲಿ ಸೇರಿದ್ದನೆಂದೂ, ಬಂಕೇಶನು ಹಿಂದಿರುಗಿ ಬಂದು ಅದನ್ನು ಅಡಗಿಸಿದನೆಂದೂ ಕೊಣ್ಣೂರಿನ ಶಾಸನದಿಂದ ತಿಳಿದುಬರುತ್ತದೆ. ಹೆತ್ತ ಮಗನ ದ್ರೋಹವನ್ನು ಕಂಡ ತಂದೆ ಈತ. ಆದರೂ ಗಂಗರನ್ನು ಕೊನೆಯವರೆಗೆ ಹಗೆಗಳಾಗಿಯೇ ಉಳಿಸಿಕೊಳ್ಳಲಿಲ್ಲ. ಮಗಳು ಚಂದ್ರೋಬಲಬ್ಬೆಯನ್ನು ಗಂಗರಾಜಪುತ್ರ ಬೂತುಗನಿಗೆ ಕೊಟ್ಟು ವಿವಾಹ ಮಾಡಿದನು. ಪಲ್ಲವರೊಡನೆಯೂ ರಕ್ತಸಂಬಂಧ ಬೆಳೆಯಿತು. ಕತ್ತಿಯಿಂದ ಮುಗಿಯದ ವೈರವನ್ನು ನಂಟಸ್ತಿಕೆಯಿಂದ ಮುಗಿಸಿದ ಈ ಜಾಣ್ಮೆಯನ್ನು ದೌರ್ಬಲ್ಯವೆಂದು ಕರೆದ ಚರಿತ್ರಕಾರರೂ ಇದ್ದಾರೆ. ಅರುವತ್ತು ವರ್ಷ ನೆಲೆನಿಂತ ರಾಜ್ಯವೊಂದನ್ನು ದುರ್ಬಲವೆನ್ನುವುದು ಹೇಗೋ ತಿಳಿಯದು.

ಬಂಕೇಶನಿಗೆ ಜಿನಧರ್ಮದಲ್ಲಿ ಅಚಲವಾದ ಭಕ್ತಿ. ಆತನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕಾಗಿ ಚಕ್ರವರ್ತಿಯು ಶಕ ೭೮೨ರಲ್ಲಿ, ಅಂದರೆ ಕ್ರಿ.ಶ. ೮೬೦ರಲ್ಲಿ, ತಳೆಯೂರು ಗ್ರಾಮವನ್ನು ದೇವೇಂದ್ರಮುನಿಗಳಿಗೆ ದತ್ತಿಯಾಗಿ ಕೊಟ್ಟನು. ಬಂಕಾಪುರವು ಈ ಸೇನಾನಿಯ ಹೆಸರನ್ನೇ ಹೊತ್ತಿರುವ ಊರು.

ಆದರೆ ಅಮೋಘವರ್ಷನ ಹೆಸರು ಜೈನ ಜಗತ್ತಿನಲ್ಲಿ ಅಳಿಯದೆ ಉಳಿದಿರುವುದು ಕಾಳಗಗಳಿಂದಲ್ಲ, ದತ್ತಿಗಳಿಂದಲೂ ಅಲ್ಲ. ಆತನ ಕಾಲದಲ್ಲಿ ನೆರೆದ ವಿದ್ವನ್ಮಂಡಲಿಯಿಂದ. ಷಟ್ಖಂಡಾಗಮದ ಮೇಲಿನ ಧವಲಾ ಟೀಕೆಯನ್ನು ವೀರಸೇನಾಚಾರ್ಯರು ಆ ಆಳಿಕೆಯ ಆರಂಭದಲ್ಲಿ, ಕ್ರಿ.ಶ. ೮೧೬ರಲ್ಲಿ, ಪೂರ್ಣಗೊಳಿಸಿದರು. ಕಷಾಯಪ್ರಾಭೃತದ ಮೇಲಿನ ಜಯಧವಲೆಯನ್ನು ಇಪ್ಪತ್ತು ಸಾವಿರ ಗ್ರಂಥಪ್ರಮಾಣದಷ್ಟು ಬರೆದು ಅವರು ಕಾಲವಶರಾಗಲು, ಶಿಷ್ಯ ಜಿನಸೇನಾಚಾರ್ಯರು ಉಳಿದ ನಲವತ್ತು ಸಾವಿರವನ್ನು ರಚಿಸಿ ೮೩೭ರಲ್ಲಿ ಮುಗಿಸಿದರು. ಪ್ರಾಕೃತ ಸಂಸ್ಕೃತಗಳು ಹವಳ ಮುತ್ತುಗಳಂತೆ ಬೆರೆತ ಈ ಮಹಾಟೀಕೆಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟು ಇಪ್ಪತ್ತನೆಯ ಶತಮಾನದಲ್ಲಿ ಬೆಳಕು ಕಂಡವು. ಶೌರಸೇನಿಯ ಆಗಮವನ್ನು ಕನ್ನಡದ ಅಕ್ಷರಗಳು ಕಾಯ್ದುಕೊಟ್ಟವು.

ಜಿನಸೇನರು ಚಕ್ರವರ್ತಿಗೆ ಗುರುಗಳು. ಅವರ ಪಾದಗಳಿಗೆರಗಿದ ದಿನ ತಾನು ಪವಿತ್ರನಾದೆನೆಂದು ಅಮೋಘವರ್ಷನು ಭಾವಿಸಿದನೆಂಬುದನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ದಾಖಲಿಸಿದ್ದಾರೆ. ಜಿನಸೇನರ ಪಾರ್ಶ್ವಾಭ್ಯುದಯವು ಒಂದು ವಿಸ್ಮಯ: ಕಾಳಿದಾಸನ ಮೇಘದೂತದ ಪ್ರತಿಯೊಂದು ಚರಣವನ್ನೂ ತಮ್ಮ ಪದ್ಯಗಳೊಳಗೆ ಹೆಣೆದು, ಶೃಂಗಾರದ ಆ ಸಾಲುಗಳಿಂದಲೇ ಪಾರ್ಶ್ವನಾಥ ಸ್ವಾಮಿಯ ಉಪಸರ್ಗ ವಿಜಯವನ್ನು ಅವರು ಹಾಡಿದರು. ಅನ್ಯರ ಕಾವ್ಯವನ್ನು ತಿರಸ್ಕರಿಸದೆ, ಅದರ ಒಂದಕ್ಷರವನ್ನೂ ಕೆಡಿಸದೆ, ತಮ್ಮ ಧರ್ಮದ ಕಥೆಗೆ ಒಗ್ಗಿಸಿಕೊಂಡ ಈ ರೀತಿ ಆ ಆಸ್ಥಾನದ ವಾತಾವರಣವನ್ನೇ ತೋರಿಸುತ್ತದೆ. ಮಹಾಪುರಾಣದ ಬೃಹತ್ ಕಾರ್ಯವನ್ನು ಕೈಗೊಂಡ ಜಿನಸೇನರು ಆದಿಪುರಾಣದ ನಲವತ್ತೆರಡು ಪರ್ವಗಳನ್ನು ಮುಗಿಸಿ ನಲವತ್ತಮೂರನೆಯದನ್ನು ಆರಂಭಿಸಿದಷ್ಟರಲ್ಲಿ ದೇಹವನ್ನು ಬಿಟ್ಟರು. ಉಳಿದುದನ್ನು ಗುಣಭದ್ರರು ಪೂರೈಸಿದರು. ಕ್ರಿ.ಶ. ೯೪೧ರಲ್ಲಿ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ರಚಿಸಲು ಆಧಾರವಾದುದು ಇದೇ ಗ್ರಂಥ.

ಗಣಿತಜ್ಞರಾದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದದ್ದು ಈ ಕಾಲದಲ್ಲಿಯೇ. ಗ್ರಂಥಾರಂಭದಲ್ಲಿ ಅವರು ನೃಪತುಂಗನನ್ನು ಏಕಾಂತಪಕ್ಷವನ್ನು ತೊರೆದು ಸ್ಯಾದ್ವಾದವನ್ನು ಅವಲಂಬಿಸಿದ ದೊರೆಯೆಂದು ಸ್ತುತಿಸಿದ್ದಾರೆ. ಯಾಪನೀಯ ಸಂಘದ ಶಾಕಟಾಯನರು ತಮ್ಮ ಸಂಸ್ಕೃತ ವ್ಯಾಕರಣಕ್ಕೆ ತಾವೇ ಬರೆದ ವೃತ್ತಿಗೆ ಅಮೋಘವೃತ್ತಿಯೆಂದು ಚಕ್ರವರ್ತಿಯ ಹೆಸರನ್ನಿಟ್ಟರು. ವೈದ್ಯಗ್ರಂಥ ಕಲ್ಯಾಣಕಾರಕದ ಕರ್ತೃ ಉಗ್ರಾದಿತ್ಯಾಚಾರ್ಯರು ಔಷಧಕ್ಕೆ ಮಾಂಸದ ಅಗತ್ಯವಿಲ್ಲವೆಂಬ ವಾದವನ್ನು ವೈದ್ಯರು ತುಂಬಿದ್ದ ನೃಪತುಂಗವಲ್ಲಭನ ಸಭೆಯಲ್ಲಿ ಮಂಡಿಸಿದರು. ಅಲ್ಲಿ ಬೇರೆ ಮತದ ವೈದ್ಯರೂ ಇದ್ದುದರಿಂದಲೇ ವಾದಕ್ಕೆ ಎಡೆಯಾದದ್ದು. ಒಪ್ಪಿದವರೇ ನೆರೆದಿದ್ದರೆ ವಾದಿಸುವ ಅವಶ್ಯಕತೆಯೆಲ್ಲಿಯದು?

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅಮೋಘವರ್ಷನು ಜೈನ ಚಕ್ರವರ್ತಿಯೆಂಬ ಮಾತು ಸರಳವಾಗಿ ಮುಗಿಯುತ್ತಿತ್ತು. ಸಮಾಜದ ಎಷ್ಟೋ ಬರಹಗಳು ಇಲ್ಲಿಗೇ ನಿಂತುಬಿಡುತ್ತವೆ. ಆದರೆ ಆತನದೇ ಆಳಿಕೆಯ ಶಕ ೭೯೩ರ, ಎಂದರೆ ಕ್ರಿ.ಶ. ೮೭೧ರ, ಸಂಜಾನ ತಾಮ್ರಶಾಸನವು ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಲೋಕಕ್ಕೆ ಒದಗಿದ ಒಂದು ಮಹಾವಿಪತ್ತನ್ನು ಶಾಂತಗೊಳಿಸಲು ಚಕ್ರವರ್ತಿಯು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಪರರಿಗಾಗಿ ದೇಹವನ್ನೇ ಕೊಟ್ಟ ಜೀಮೂತವಾಹನ, ಶಿಬಿ, ದಧೀಚಿಯರ ಸಾಲಿನಲ್ಲಿ ಶಾಸನಕವಿಯು ಆತನನ್ನು ನಿಲ್ಲಿಸುತ್ತಾನೆ. ಆ ದೇವಿಯು ಕೊಲ್ಹಾಪುರದ ಮಹಾಲಕ್ಷ್ಮಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಶಾಸನವು ನಾಲ್ವರು ಬ್ರಾಹ್ಮಣರಿಗೆ ಕೊಟ್ಟ ಗ್ರಾಮದಾನದ ಪತ್ರ.

ಇದರ ಸುತ್ತ ನಡೆದ ಚರ್ಚೆ ಅಲ್ಪವಲ್ಲ. ಬೆರಳನ್ನು ಅರ್ಪಿಸಿದವನು ಜೈನನಾಗಿರಲು ಸಾಧ್ಯವೇ ಇಲ್ಲವೆಂದು ಒಂದು ಪಕ್ಷ. ಆಚಾರ್ಯರುಗಳ ಸಾಕ್ಷ್ಯವಿರುವಾಗ ಶಾಸನಕವಿಯ ಉತ್ಪ್ರೇಕ್ಷೆಯನ್ನು ನಂಬಬೇಕಾಗಿಲ್ಲವೆಂದು ಮತ್ತೊಂದು ಪಕ್ಷ. ಎರಡೂ ಪಕ್ಷಗಳು ಒಂದು ತಪ್ಪನ್ನು ಮಾಡುತ್ತವೆ: ಜನಗಣತಿಯ ಪಟ್ಟಿಯಲ್ಲಿ ಒಂದೇ ಕಾಲಮಿನಲ್ಲಿ ಹೆಸರು ಬರೆಸಬೇಕಾದ ಈ ಕಾಲದ ಮನುಷ್ಯನಂತೆ ಒಂಬತ್ತನೆಯ ಶತಮಾನದ ಚಕ್ರವರ್ತಿಯನ್ನು ಕಾಣುತ್ತವೆ. ಜಿನಸೇನರ ಶಿಷ್ಯತ್ವಕ್ಕೂ ಸಾಕ್ಷಿ ಸಮಕಾಲೀನವಾದದ್ದು, ಬೆರಳಿನ ಅರ್ಪಣೆಗೂ ಸಾಕ್ಷಿ ಸಮಕಾಲೀನವಾದದ್ದು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಮುಚ್ಚಿಡುವುದು ಇತಿಹಾಸಕ್ಕೂ ಅನ್ಯಾಯ, ಅಮೋಘವರ್ಷನಿಗೂ ಅನ್ಯಾಯ. ತನ್ನನ್ನು ಪಾಲಿಸುವ ರಾಜನಿಗೆ ಪ್ರಜೆಗಳ ಭಯವೇ ತನ್ನ ಭಯವೆಂದು ತೋರಿದಾಗ, ಆ ಪ್ರಜೆಗಳು ನಂಬಿದ ದೇವಿಯ ಮುಂದೆ ತನ್ನ ದೇಹದ ಒಂದಂಶವನ್ನೇ ಕೊಟ್ಟನೆಂದು ತಿಳಿದರೆ ಆತನ ಜಿನಭಕ್ತಿಗೆ ಯಾವ ಕುಂದೂ ಬಾರದು. ಇತರ ಜೀವಿಯ ಬಲಿಯನ್ನು ಕೊಡದೆ ತನ್ನ ಬೆರಳನ್ನೇ ಕೊಟ್ಟನೆಂಬುದೂ ಗಮನಿಸತಕ್ಕ ವಿಷಯ.

ಆ ರಾಜ್ಯದಲ್ಲಿ ಬೌದ್ಧರಿಗೂ ನೆಲೆಯಿದ್ದಿತು. ಮುಂಬಯಿ ಸಮೀಪದ ಕನ್ಹೇರಿಯ ಗುಹೆಗಳಲ್ಲಿ ಬೌದ್ಧಸಂಘಕ್ಕೆ ಬಿಟ್ಟ ದತ್ತಿಗಳ ಶಾಸನಗಳು ಅಮೋಘವರ್ಷನ ಆಳಿಕೆಯನ್ನು ಹೆಸರಿಸುತ್ತವೆ. ಆತನ ಕೊನೆಯ ತೇದಿಗಳಲ್ಲಿ ಒಂದಾದ ಶಕ ೭೯೯ ದೊರೆಯುವುದೂ ಅಲ್ಲಿಯೇ. ಕಡಲಾಚೆಯಿಂದ ಬಂದ ಅರಬ್ಬೀ ವರ್ತಕರಿಗೆ ಈತನು ಬಲ್ಹರಾ, ಅಂದರೆ ವಲ್ಲಭರಾಜ. ಸುಲೈಮಾನನ ಹೆಸರಿನಲ್ಲಿ ಪ್ರಚಾರದಲ್ಲಿರುವ ಕ್ರಿ.ಶ. ೮೫೧ರ ವೃತ್ತಾಂತವು ಖಲೀಫ, ಚೀನಾದ ಸಾಮ್ರಾಟ ಮತ್ತು ರೂಮಿನ ಚಕ್ರವರ್ತಿಯರ ಜತೆಗೆ ಬಲ್ಹರಾನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿ, ಅರಬ್ಬರ ವಿಷಯದಲ್ಲಿ ಈತನಿಗಿದ್ದ ವಿಶ್ವಾಸವನ್ನು ವಿಶೇಷವಾಗಿ ಹೇಳುತ್ತದೆ. ಆ ವಿಶ್ವಾಸವು ಮಗ ಇಮ್ಮಡಿ ಕೃಷ್ಣನ ಕಾಲದಲ್ಲಿ ಇನ್ನೂ ಮುಂದೆ ಹೋಯಿತು. ಸಂಜಾನ ಮಂಡಲದ ಆಡಳಿತವನ್ನು ಆತನು ಒಬ್ಬ ಅರಬ್ಬನಿಗೇ ವಹಿಸಿದನು. ಚಿಂಚಣಿಯಲ್ಲಿ ದೊರೆತ ಕ್ರಿ.ಶ. ೯೨೬ರ ತಾಮ್ರಶಾಸನದಲ್ಲಿ ಆ ಅಧಿಕಾರಿಯ ಹೆಸರು ಮಧುಮತಿ. ಮಹಮ್ಮದನೆಂಬುದರ ಸಂಸ್ಕೃತ ರೂಪವಿದು. ದೇವಿಯೊಬ್ಬಳ ಮಠಕ್ಕೆ ಭೂಮಿಯನ್ನು ಬಿಡಲು ಸಮ್ಮತಿ ದೊರಕಿಸಿದ ಕೀರ್ತಿ ಆ ಅರಬ್ಬನದು.

ಕನ್ನಡಿಗರಿಗೆ ನೃಪತುಂಗನೆಂದರೆ ಮೊದಲು ನೆನಪಾಗುವುದು ಕವಿರಾಜಮಾರ್ಗ, ಕನ್ನಡದಲ್ಲಿ ಇಂದು ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥ. ಕೆ. ಬಿ. ಪಾಠಕರು ೧೮೯೮ರಲ್ಲಿ ಅದನ್ನು ಮೊದಲ ಬಾರಿಗೆ ಸಂಪಾದಿಸಿ ಪ್ರಕಟಿಸಿದಾಗ ಕರ್ತೃವು ನೃಪತುಂಗನೇ ಎಂದು ನಿರ್ಣಯಿಸಿದರು. ನೃಪತುಂಗನಿಗೆ ಸಮ್ಮತವಾದ ಗ್ರಂಥವೆಂಬ ಅದರೊಳಗಿನ ಸೂಚನೆಯನ್ನು ಹಿಡಿದು, ಆಸ್ಥಾನಕವಿ ಶ್ರೀವಿಜಯನೇ ಕರ್ತೃವೆಂದು ನಂತರದ ವಿದ್ವಾಂಸರು ವಾದಿಸಿದರು. ಇಂದು ಬಹುಮಂದಿಗೆ ಒಪ್ಪಿಗೆಯಾಗಿರುವುದು ಈ ಎರಡನೆಯ ಅಭಿಪ್ರಾಯ. ಬರೆದ ಕೈ ಯಾರದಾದರೂ ಒಪ್ಪಿದ ಮನಸ್ಸು ಚಕ್ರವರ್ತಿಯದು. ಗ್ರಂಥದ ಮೊದಲಲ್ಲಿಯೇ ಕೌಸ್ತುಭವನ್ನು ಧರಿಸಿದ ವಿಷ್ಣುವಿನ ಚಿತ್ರ ಬರುತ್ತದೆ, ವೀರನಾರಾಯಣನೆಂಬ ಬಿರುದಿನ ಅರಸನಿಗೂ ಅನ್ವಯಿಸುವಂತೆ. ದಂಡಿಯ ಕಾವ್ಯಾದರ್ಶವನ್ನು ಬೆನ್ನಿಗಿಟ್ಟುಕೊಂಡೂ ಕನ್ನಡದ ದೇಸಿಯನ್ನು ಬಿಡದ ಗ್ರಂಥವಿದು. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಅದು ಹೆಮ್ಮೆಯಿಂದ ವರ್ಣಿಸುತ್ತದೆ; ಕನ್ನಡದ ತಿರುಳಾದ ಪ್ರದೇಶವನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸುತ್ತದೆ. ಮಾನ್ಯಖೇಟವು ಈ ನಾಲ್ಕು ಊರುಗಳ ನಡುವಿನದಲ್ಲ. ತನ್ನ ರಾಜಧಾನಿಯ ನುಡಿಯೇ ಶ್ರೇಷ್ಠವೆಂದು ಬರೆಸಿಕೊಳ್ಳುವ ಅಧಿಕಾರವಿದ್ದೂ ಚಕ್ರವರ್ತಿಯು ಹಾಗೆ ಮಾಡಿಸಲಿಲ್ಲ.

ಅಷ್ಟೇ ಅಲ್ಲ. ಒಂದೊಂದು ಸೀಮೆಯ ಕನ್ನಡವೂ ಬೇರೆಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನೆಲ್ಲ ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಪಡುವನೆಂದು ಗ್ರಂಥವು ಒಪ್ಪಿಕೊಳ್ಳುತ್ತದೆ. ಸೇಡಂ, ಚಿಂಚೋಳಿಗಳ ಮನೆಮಾತಿನಲ್ಲಿ ತೆಲುಗು ಉರ್ದು ಮರಾಠಿಗಳು ಬೆರೆತಿವೆಯೆಂದು ಮೂಗುಮುರಿಯುವವರು ಈ ಭಾಗವನ್ನು ಓದಿಕೊಳ್ಳುವುದು ಒಳ್ಳೆಯದು. ಮುಂದುವರಿದು ಗ್ರಂಥವು, ಅನ್ಯರ ಆಲೋಚನೆಯನ್ನೂ ಅನ್ಯರ ಧರ್ಮವನ್ನೂ ತಾಳಿಕೊಳ್ಳಬಲ್ಲ ಶಕ್ತಿಯನ್ನೇ ನಿಜವಾದ ಐಶ್ವರ್ಯವೆಂದು ಸಾರುತ್ತದೆ. ಇದನ್ನು ಅನೇಕಾಂತದ ಪ್ರಭಾವವೆಂದು ಜೈನರು ಹೇಳುವುದುಂಟು, ಮತ್ತು ಹಾಗೆ ಹೇಳಲು ಕಾರಣವೂ ಇದೆ. ಆದರೆ ಅದು ಬಸದಿಯ ಉಪದೇಶವಾಗಿ ಬಂದಿಲ್ಲ; ಕನ್ನಡದಲ್ಲಿ ಬರೆಯಹೊರಟ ಎಲ್ಲ ಮತದ ಕವಿಗಳಿಗೂ ಮೀಸಲಾದ ಕೈಪಿಡಿಯೊಳಗೆ ಬಂದಿದೆ.

ಇಂಥವನನ್ನು ತಮ್ಮವನೆಂದು ಹೇಳಿಕೊಳ್ಳಲು ಪೈಪೋಟಿ ನಡೆದದ್ದು ಸಹಜ. ರಾಷ್ಟ್ರಕೂಟರು ಲತ್ತಲೂರುಪುರದ ಒಡೆಯರೆಂದು ಹೇಳಿಕೊಂಡರು. ಆ ಊರು ಇಂದಿನ ಮಹಾರಾಷ್ಟ್ರದ ಲಾತೂರು. ಇದರಿಂದಾಗಿ ಅವರು ಮರಾಠರೆಂಬ ವಾದ ಹುಟ್ಟಿತು. ೧೯೩೪ರಲ್ಲಿ ರಾಷ್ಟ್ರಕೂಟರ ಇತಿಹಾಸವನ್ನು ಸಮಗ್ರವಾಗಿ ಬರೆದ ಅ. ಸ. ಅಳ್ತೇಕರರು, ತಾವು ಮರಾಠಿ ಭಾಷಿಕರಾಗಿದ್ದೂ, ಆ ವಂಶದ ಮನೆಮಾತು ಕನ್ನಡವೆಂದೇ ನಿರ್ಣಯಿಸಿದರು. ನಿಜಾಮರ ಆಳಿಕೆಯಲ್ಲಿ ಕಲಬುರಗಿ ಸೀಮೆಯ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿದ್ದಾಗ ಈ ಹೆಸರು ಕನ್ನಡಿಗರಿಗೆ ಊರುಗೋಲಾಯಿತು. ಹೈದರಾಬಾದು ನಗರದ ಕನ್ನಡಿಗರು ತಮ್ಮ ಶಾಲೆಗೆ ನೃಪತುಂಗನ ಹೆಸರನ್ನೇ ಇಟ್ಟರು. ೧೯೪೮ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿ, ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆಯು ಕನ್ನಡ ರಾಜ್ಯಕ್ಕೆ ಬಂದಮೇಲೆ ಬೆಂಗಳೂರಿನ ಒಂದು ಮುಖ್ಯ ರಸ್ತೆಗೆ ನೃಪತುಂಗನ ಹೆಸರು ಬಂದಿತು. ರಾಜಧಾನಿಯ ರಸ್ತೆಗೆ ಹೆಸರು ಬಂದಷ್ಟು ಸುಲಭವಾಗಿ ಮಳಖೇಡಕ್ಕೆ ರಕ್ಷಣೆ ಬರಲಿಲ್ಲವೆಂಬ ಕೊರಗು ಈ ಭಾಗದ ಜನರಲ್ಲಿ ಬಹುಕಾಲ ಉಳಿಯಿತು. ಅದು ಅಕಾರಣವಾದ ಕೊರಗೇನೂ ಅಲ್ಲ.

ಕೊನೆಯ ದಿನಗಳಲ್ಲಿ ಅಮೋಘವರ್ಷನ ಮನಸ್ಸು ಸಿಂಹಾಸನದಿಂದ ದೂರ ಸರಿಯಿತು. ಆತನು ಒಂದಕ್ಕಿಂತ ಹೆಚ್ಚು ಸಲ ರಾಜ್ಯವನ್ನು ಬಿಟ್ಟುಕೊಟ್ಟನೆಂಬ ಅರ್ಥ ಸಂಜಾನ ಶಾಸನದಿಂದಲೇ ಹೊರಡುತ್ತದೆ. ಪ್ರಶ್ನೋತ್ತರರತ್ನಮಾಲಿಕೆ ಎಂಬ ಚಿಕ್ಕ ಸಂಸ್ಕೃತ ಕೃತಿಯ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನು ಇದನ್ನು ರಚಿಸಿದನೆಂಬ ಮಾತಿದೆ. ಈ ಕೃತಿಗೂ ಹಕ್ಕುದಾರರು ಅನೇಕರು: ಶಂಕರಾಚಾರ್ಯರದೆಂದು ಅದ್ವೈತಿಗಳು, ವಿಮಲಸೂರಿಯದೆಂದು ಶ್ವೇತಾಂಬರರು ಹೇಳುತ್ತಾರೆ. ಹಿಮಾಲಯದಾಚೆ ಬೌದ್ಧರು ಮಾಡಿಕೊಂಡ ಟಿಬೆಟ್ ಭಾಷೆಯ ಅನುವಾದವು ಮಾತ್ರ ಅಮೋಘವರ್ಷನ ಹೆಸರನ್ನೇ ಉಳಿಸಿಕೊಂಡಿದೆ. ನಾಲ್ಕು ಪರಂಪರೆಗಳು ಒಂದೇ ಪುಸ್ತಕವನ್ನು ತಮ್ಮದೆಂದು ಪಠಿಸುವಷ್ಟು ಅದರ ನೀತಿ ಎಲ್ಲರಿಗೂ ಒಪ್ಪುವಂಥದು.

ಆತನ ತರುವಾಯ ಮಾನ್ಯಖೇಟವು ಇನ್ನೂ ಒಂದು ಶತಮಾನ ಬೆಳಗಿತು. ಮುಮ್ಮಡಿ ಕೃಷ್ಣನ ಕಾಲದಲ್ಲಿ ಪೊನ್ನನು ಕನ್ನಡದಲ್ಲಿಯೂ ಪುಷ್ಪದಂತನು ಅಪಭ್ರಂಶದಲ್ಲಿಯೂ ಇಲ್ಲಿಂದಲೇ ಹಾಡಿದರು. ಕ್ರಿ.ಶ. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ನಗರವನ್ನು ಸೂರೆಗೊಂಡನು. ಮರುವರ್ಷ ರಾಜ್ಯಲಕ್ಷ್ಮಿಯು ಚಾಲುಕ್ಯ ತೈಲಪನ ಪಾಲಾದಳು. ಇಂದಿನ ಮಳಖೇಡದಲ್ಲಿ ಪುರಾತನ ಕಂಬಗಳ ನೇಮಿನಾಥ ಬಸದಿಯಿದೆ, ತೀರ್ಥಂಕರರ ಬಿಂಬಗಳಿಂದ ತುಂಬಿದ ಪಂಚಲೋಹದ ಚೈತ್ಯವಿದೆ. ಟೀಕಾಚಾರ್ಯ ಜಯತೀರ್ಥರ ವೃಂದಾವನವೆಂದು ಉತ್ತರಾದಿಮಠದವರು ಆರಾಧಿಸುವ ಸನ್ನಿಧಿ ಅದೇ ಊರಿನಲ್ಲಿದೆ, ದರ್ಗಾವೂ ಇದೆ.

ಕಾಗಿಣಾ ಸೀಮೆಗೆ ಇದು ಹೊಸತಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಧರ್ಮಲಿಪಿಗಳು ೧೯೮೯ರಲ್ಲಿ ದೊರೆತದ್ದು ದೇವಿಯ ಗುಡಿಯೊಳಗಿನ ಪೀಠದ ಕಲ್ಲಿನಲ್ಲಿ. ಮಳಖೇಡದಿಂದ ಹತ್ತಿಪ್ಪತ್ತು ಕಿಲೋಮೀಟರಿನ ಸೇಡಮ್ಮಿನಲ್ಲಿ ಮತ್ತೊಂದು ಶಾಸನವಿದೆ, ಅಮೋಘವರ್ಷನಿಂದ ಎರಡೂವರೆ ಶತಮಾನಗಳ ನಂತರ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಸೇಡಿಂಬದ ಮುನ್ನೂರು ಮಹಾಜನರು ವೇದಾಧ್ಯಯನಸಂಪನ್ನರಾದ ಬ್ರಾಹ್ಮಣರು, ನಾರಾಯಣನ ಭಕ್ತರು. ಅವರೇ ಒಟ್ಟುಗೂಡಿ ಊರಿನಲ್ಲಿ ಶಾಂತಿನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿ, ಅದರ ಶಿಖರಕ್ಕೆ ಹೊನ್ನಕಲಶವನ್ನೇರಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟರು.